ಸರೋಜಿನಿ ಕಾಲೇಜಿಗೆ ಸೇರಿದ್ದು

ಸರೋಜಿನಿಯೂ ನಾನೂ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಒಂದೇ ಡೇಕೇರಿನಲ್ಲಿ ಕೆಲಸ ಮಾಡುವವರು. ಅವಳದು ಎರಡು ವರ್ಷದ ಮಕ್ಕಳ ಕೋಣೆ, ನನ್ನದು ಆಫೀಸು. ಕಾರ್ಕಳದವಳು, ಮನೆಮಾತು ತುಳು, ನನ್ನ ಮೈಸೂರು ಕನ್ನಡ ಕೇಳಿದರೆ ಈಗಲೂ ನಗು ಅವಳಿಗೆ. ಅಳುವ ಮಗುವನ್ನು ಸುಮ್ಮನಾಗಿಸುವುದರಲ್ಲಿ ಅವಳ ಹಾಗೆ ಇನ್ನೊಬ್ಬರಿಲ್ಲ. ಎತ್ತಿಕೊಳ್ಳುವುದಿಲ್ಲ, ಮುದ್ದಿಸುವುದಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ತನ್ನಷ್ಟಕ್ಕೆ ಬ್ಲಾಕು ಜೋಡಿಸತೊಡಗುತ್ತಾಳೆ. ಸ್ವಲ್ಪ ಹೊತ್ತಿಗೆ ಮಗುವೇ ಬಂದು ಅವಳ ಮಡಿಲಲ್ಲಿ ಕೂರುತ್ತದೆ.

ಮನೆಯ ಸರೋಜಿನಿ ಬೇರೆ. ಮಗಳು ಲಾಸ್ಯಾ ಹತ್ತನೇ ಕ್ಲಾಸು ಮುಗಿಸಿ ಹನ್ನೊಂದಕ್ಕೆ ಕಾಲಿಡುವ ಹೊತ್ತಿಗಂತೂ ಅವಳ ಬಾಯಲ್ಲಿ ಎಪಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಇಲ್ಲಿ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಮುಂದೆ ಕಾಲೇಜಿನಲ್ಲಿ ಅಷ್ಟು ಕ್ರೆಡಿಟ್ ಸಿಗುತ್ತದೆ. ಅದೇ ಎಪಿ. ಪಕ್ಕದ ಟೌನ್‌ಹೌಸಿನ ಮೈಥಿಲಿಯ ಮಗ ಪ್ರದ್ಯುಮ್ನ ಐದು ಎಪಿ ತೆಗೆದುಕೊಂಡಿದ್ದ. ಹಾಗಾಗಿ ಲಾಸ್ಯಾಳಿಗೂ ಐದು ಆಗಲೇಬೇಕು.

ಆ ಬೇಸಿಗೆ ರಜೆಯಲ್ಲಿ ಲಾಸ್ಯಾ ನಮ್ಮ ಡೇಕೇರಿಗೆ ವಾಲಂಟಿಯರ್ ಆಗಿ ಬಂದಿದ್ದಳು. ರಜೆ ಮುಗಿಯುವ ಹೊತ್ತಿಗೆ ಅವಳ ಶಾಲೆಯ ಕೌನ್ಸಿಲರ್ ಇನ್ನೊಂದು ದಾರಿ ಹೇಳಿದರು. ಹೈಸ್ಕೂಲಿನ ಮಕ್ಕಳೂ ಕಮ್ಯುನಿಟಿ ಕಾಲೇಜಿಗೆ, ಅಂದರೆ ಯಾರು ಬೇಕಾದರೂ ಸೇರಬಹುದಾದ ಊರಿನ ಕಾಲೇಜಿಗೆ, ಹೋಗಿ ದೊಡ್ಡವರ ಜೊತೆ ಕೂತು ಕಲಿಯಬಹುದು, ಅಲ್ಲಿ ಬಂದ ಗ್ರೇಡು ಸೀದಾ ಕಾಲೇಜಿನ ದಾಖಲೆಗೇ ಸೇರುತ್ತದೆ ಎಂದು. ಲಾಸ್ಯಾ ಎಪಿ ಕೆಮಿಸ್ಟ್ರಿ ಬಿಟ್ಟು ಮಕ್ಕಳ ಬೆಳವಣಿಗೆಯ ಕ್ಲಾಸು ತಗೊಳ್ತೀನಿ ಎಂದಳು. ಸರೋಜಿನಿ ಉರಿದುಬಿದ್ದಳು. "ನಾನು ಡಯಾಪರ್ ಬದಲಿಸುವುದು ಸಾಕಾಗ್ಲಿಲ್ವಾ ನಿಂಗೆ? ನೀನೂ ಅದನ್ನೇ ಮಾಡುದಾ?" ಲಾಸ್ಯಾ ಮತ್ತೆ ಆ ಸುದ್ದಿ ಎತ್ತಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತೆಂದು ಸರೋಜಿನಿ ತಿಳಿದಳು.

ಅದೇ ಸಮಯಕ್ಕೆ ನಮ್ಮ ಡೈರೆಕ್ಟರ್, ಆಗ ಬರೀ ಅಸಿಸ್ಟೆಂಟ್ ಆಗಿದ್ದ ಸರೋಜಿನಿಯನ್ನು ಕರೆದು, "ನೀವು ಕಮ್ಯುನಿಟಿ ಕಾಲೇಜಿನಲ್ಲಿ ಕೆಲವು ಕ್ಲಾಸು ಮುಗಿಸಿದರೆ ನಿಮ್ಮ ಕೋಣೆಗೆ ನಿಮ್ಮನ್ನೇ ಟೀಚರ್ ಮಾಡ್ತೀನಿ" ಎಂದರು. ಮದುವೆಯಾಗಿ ಡಿಗ್ರಿ ಅರ್ಧಕ್ಕೆ ಬಿಟ್ಟವಳಿಗೆ ಕಾಲೇಜೆಂದರೆ ಒಳಗೊಳಗೇ ಹೆದರಿಕೆ. ಆದರೂ ಆನ್‌ಲೈನ್ ಕ್ಲಾಸಿಗೆ ಹೆಸರು ಕೊಟ್ಟಳು, ಮನೆಯಲ್ಲೂ ಹೇಳಿದಳು. ಕೊನೇ ಗಳಿಗೆಯಲ್ಲಿ ಆ ಕ್ಲಾಸು ರದ್ದಾಯಿತು. ಉಳಿದದ್ದು ಮಂಗಳವಾರ ಸಂಜೆ ಕಾಲೇಜಿಗೇ ಹೋಗಿ ಕೂರುವ ಕ್ಲಾಸು ಮಾತ್ರ. ಒಂದು ದಿನ ಹೋಗಿ ನೋಡೋಣ, ಆಗದಿದ್ದರೆ ಬಿಟ್ಟರಾಯಿತು ಎಂದುಕೊಂಡು ಅದನ್ನು ನನಗಷ್ಟೇ ಹೇಳಿದಳು.

ಮೊದಲ ದಿನ ಪಾರ್ಕಿಂಗ್ ಸಿಗದೆ ಅವಳು ಒಳಗೆ ಹೋಗುವಾಗ ಕ್ಲಾಸು ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಳು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ಈ ಕ್ಲಾಸಿಗೆ ಯಾಕೆ ಬಂದೆವೆಂದು ಹೇಳಬೇಕಿತ್ತು. ಎಲ್ಲ ಇಂಗ್ಲಿಷಿನಲ್ಲಿ. ತಾನೇನು ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದವಳಿಗೆ ಮುಂದಿನ ಸಾಲಿನಿಂದ ಒಂದು ದನಿ ಕೇಳಿತು.

"ನಾನು ಲಾಸ್ಯಾ. ಇನ್ನೂ ಹೈಸ್ಕೂಲು."

ಸರೋಜಿನಿ ತಲೆ ಎತ್ತಿದಳು. ಈ ಹೊತ್ತಿಗೆ ಲಾಸ್ಯಾ ಗೆಳತಿಯ ಮನೆಯಲ್ಲಿ ಕೆಮಿಸ್ಟ್ರಿ ಓದುತ್ತಿರಬೇಕಿತ್ತು!

ಮಗಳು ಹಿಂದೆ ತಿರುಗಿ ನೋಡದೆ ಮಾತು ಮುಂದುವರಿಸಿದಳು. "ನನ್ನ ಅಮ್ಮ ಡೇಕೇರಿನಲ್ಲಿ ಕೆಲಸ ಮಾಡ್ತಾರೆ. ಮಾತೇ ಆಡದ ಒಂದು ಮಗು ಅಮ್ಮನ ಪಕ್ಕ ಕೂತು ಮೊದಲ ಸಲ ಮಾತಾಡಿದ್ದನ್ನು ನಾನು ಈ ಬೇಸಿಗೆಯಲ್ಲಿ ನೋಡಿದೆ. ಅದು ಹೇಗಾಯ್ತು ಅಂತ ಕಲೀಬೇಕು, ಅದಕ್ಕೇ ಬಂದೆ." ಸಣ್ಣಗೆ ನಕ್ಕು, "ಅಲ್ಲಿ ಅಮ್ಮ ಯಾವ ಮಗುವನ್ನೂ ಇನ್ನೊಂದಕ್ಕೆ ಹೋಲಿಸಲ್ಲ. ಮನೆಯಲ್ಲಿ ನನ್ನನ್ನು ಹೋಲಿಸದೆ ಒಂದು ದಿನವೂ ಕಳೆಯಲ್ಲ. ಇದು ಯಾಕೆ ಅಂತಾನೂ ಗೊತ್ತಾಗ್ಬೇಕು" ಎಂದಳು. ಕ್ಲಾಸಿನಲ್ಲಿ ನಾಲ್ಕಾರು ಜನ ನಕ್ಕರು.

"ನನಗೆ ಕಿವಿ ಗುಂಯ್ ಅಂತು ಮಾರಾಯ್ತಿ. ಎದ್ದು ಓಡುವಾ ಅಂತ ಬ್ಯಾಗು ಹಿಡ್ಕೊಂಡಿದ್ದೆ" ಎಂದು ಸರೋಜಿನಿ ಆಮೇಲೆ ನನಗೆ ಹೇಳಿದಳು.

ಓಡುವ ಮೊದಲೇ ಅವಳ ಸರದಿ ಬಂತು. ಎದ್ದು ನಿಂತಳು. "ನಾನು ಸರೋಜಿನಿ" ಎಂದಳು. ಮುಂದಿನ ಸಾಲಿನ ತಲೆ ಸರಕ್ಕನೆ ತಿರುಗಿತು. ಲಾಸ್ಯಾಳ ಮುಖ ಬಿಳಿಚಿಕೊಂಡಿತು. ಕಟ್ಟಿಟ್ಟುಕೊಂಡಿದ್ದ ವಾಕ್ಯ ಒಂದೂ ಸರೋಜಿನಿಗೆ ನೆನಪಾಗಲಿಲ್ಲ. ಯಾಕೆ ಬಂದಿರಿ ಎಂದು ಪ್ರೊಫೆಸರಮ್ಮ ಮತ್ತೊಮ್ಮೆ ಕೇಳಿದಾಗ, "ಈಗ ಮಾತಾಡಿದಳಲ್ಲ, ಅವಳ ಅಮ್ಮ ನಾನು" ಎಂದಷ್ಟೇ ಹೇಳಿ ಕೂತುಬಿಟ್ಟಳು. ಈ ಸಲ ಯಾರೂ ನಗಲಿಲ್ಲ.

ಕ್ಲಾಸು ಮುಗಿದ ಮೇಲೆ ಕಾರಿನಲ್ಲಿ ಬಾಂಬು ಸಿಡಿಯಿತು.

"ಇಷ್ಟು ದೊಡ್ಡ ಸುಳ್ಳಾ ಲಾಸ್ಯಾ?"

"ಯು ವುಡ್ ಹ್ಯಾವ್ ಸೆಡ್ ನೋ."

"ಊರಿನವರ ಎದುರು ನನ್ನ ಮಾನ ತೆಗೆದೆಯಲ್ಲ!"

"ನೀನು ಅಲ್ಲಿದ್ದೀ ಅಂತ ನಂಗೆ ಗೊತ್ತಿರ್ಲಿಲ್ಲ, ಅಮ್ಮಾ" ಎಂದು ಲಾಸ್ಯಾ ಅಳತೊಡಗಿದಳು. ಅಳುತ್ತಲೇ, "ಬಟ್ ಐ ಆ್ಯಮ್ ನಾಟ್ ಡ್ರಾಪಿಂಗ್ ಇಟ್" ಎಂದಳು.

ಮನೆಯಲ್ಲಿ ಗಂಡ ಗುರುದತ್ ನೀರುದೋಸೆಗೆ ಕಾವಲಿ ಇಟ್ಟಿದ್ದ. ಇಬ್ಬರೂ ಒಟ್ಟಿಗೆ ಒಳಗೆ ಬಂದದ್ದು ನೋಡಿದ್ದೇ ಒಲೆ ಆರಿಸಿದ.

"ನಿಮಗೆ ಗೊತ್ತಿತ್ತಾ?" ಸರೋಜಿನಿ ಕೇಳಿದಳು.

"ಗೊತ್ತಿತ್ತು. ತಂದೆತಾಯಿ ಒಪ್ಪದೆ ಹೈಸ್ಕೂಲಿನ ಮಕ್ಕಳನ್ನು ಅವರು ಸೇರಿಸುವುದಿಲ್ಲ. ನಾನೇ ಒಪ್ಪಿಗೆ ಕೊಟ್ಟೆ."

ಮಗಳ ಸುಳ್ಳಿಗಿಂತ ಅದೇ ಅವಳಿಗೆ ದೊಡ್ಡ ಪೆಟ್ಟಾಯಿತು. ಒಂದು ವಾರ ಗಂಡನ ಜೊತೆ ಮಾತು ಬಿಟ್ಟಳು. ಡೇಕೇರಿನಲ್ಲೂ ಮಂಕಾಗಿ ಓಡಾಡಿದಳು. ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದಾಗ, ನನ್ನ ಹತ್ತಿರ ಬಂದು ಕೇಳಿದಳು, "ನಾನು ಹಾಗೆ ಮಾಡ್ತೇನಾ? ನಿಜ ಹೇಳು."

"ಪ್ರದ್ಯುಮ್ನ ಯಾವ ಎಪಿ ತಗೊಂಡಿದ್ದಾನೆ ಅಂತ ನಂಗೂ ಬಾಯಿಪಾಠ ಆಗಿದೆ ಸರೋಜಿನಿ. ಆ ಹುಡುಗನ್ನ ನಾನು ನೋಡೇ ಇಲ್ಲ" ಎಂದೆ.

ಅವಳು ಎದ್ದು ಮಕ್ಕಳ ಕೋಣೆಗೆ ಹೋದಳು. ಕ್ಲಾಸು ಬಿಡುತ್ತಾಳೆಂದೇ ನಾನು ತಿಳಿದಿದ್ದೆ. ಆದರೆ ಮುಂದಿನ ಮಂಗಳವಾರ ಬೇಗ ಕೆಲಸ ಮುಗಿಸಿ, ಲಾಸ್ಯಾಳನ್ನು ಶಾಲೆಯಿಂದ ಹತ್ತಿಸಿಕೊಂಡು ಕಾಲೇಜಿಗೆ ಹೋದಳು. ಮಗಳು ಮುಂದೆ ಕೂತಳು, ಇವಳು ಹಿಂದೆ. ಮೊದಲ ಟೆಸ್ಟಿನಲ್ಲಿ ಇವಳು ಫೇಲು. ಪ್ರಶ್ನೆಗಳ ಇಂಗ್ಲಿಷೇ ಅರ್ಥವಾಗಿರಲಿಲ್ಲ. ಪಾಸಾಗಿದ್ದ ಲಾಸ್ಯಾ ಅಡುಗೆಮನೆಯ ಟೇಬಲ್ಲಿನಲ್ಲಿ ಅಮ್ಮನಿಗೆ ಪಾಠ ಹೇಳಿಕೊಡಲು ಕೂತಳು. ಒಂದೆರಡು ದಿನ ಜಗಳ, ಆಮೇಲೆ ಓದು. ಚಳಿಗಾಲದ ಹೊತ್ತಿಗೆ ಲಾಸ್ಯಾಳಿಗೆ ಎ, ಸರೋಜಿನಿಗೆ ಸಿ ಬಂತು. ಆ ಸಿ ನೋಡಿ ಅವಳು ಆಫೀಸಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು.

ಆ ವರ್ಷ ಲಾಸ್ಯಾ ಎರಡೇ ಎಪಿ ಓದಿದಳು. ಸನ್ನಿವೇಲ್ ದೇವಸ್ಥಾನದಲ್ಲಿ ಸಿಕ್ಕ ಮೈಥಿಲಿ, "ಅಯ್ಯೋ, ಎರಡೇನಾ?" ಎಂದಾಗ ಸರೋಜಿನಿಯ ಮುಖ ಕೆಂಪಾದದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬಾಯಿವರೆಗೆ ಬಂದ ಮಾತನ್ನು ನುಂಗಿಕೊಂಡು, "ಹೌದು, ಎರಡೇ" ಎಂದಳು.

ಲಾಸ್ಯಾ ಈಗ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ, ಮಾತು ತಡವಾದ ಮಕ್ಕಳಿಗೆ ಕಲಿಸುವ ವಿದ್ಯೆ ಓದುತ್ತಿದ್ದಾಳೆ. ಸರೋಜಿನಿ ಎರಡು ವರ್ಷದವರ ಕೋಣೆಯ ಟೀಚರಮ್ಮ. ಗುರುದತ್‌ನನ್ನು ಕ್ಷಮಿಸಿದಳಾ ಎಂದು ಕೇಳಿದರೆ, "ಅದು ಬೇರೆ ಲೆಕ್ಕ" ಎನ್ನುತ್ತಾಳೆ.