ಎರಡನೇ ನಳ

ಶಾಲೆಗಳಿಗೆ ಸರ್ಕಾರದಿಂದ ಮಳೆನೀರಿನ ಟಾಕಿ ಮಂಜೂರು ಮಾಡಿಸಿಕೊಡುವುದು ಆಗ ನನ್ನ ಕೆಲಸ. ಕಮಲಾಪುರದ ಒಂದು ಶಾಲೆಯಲ್ಲಿ ನಕ್ಷೆ ಬಿಚ್ಚಿಟ್ಟಾಗ ಊರಿನ ಹಿರಿಯರೊಬ್ಬರು ಮೆಲ್ಲಗೆ ಅಂದರು: “ನಳ ಎರಡು ಇರ್ಲಿ ಸಾಹೇಬ್ರ. ದಲಿತರ ಓಣಿ ಹುಡುಗರಿಗೆ ಒಂದು ಬ್ಯಾರೆ.”

ನನಗೆ ಮೈ ಉರಿಯಿತು. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮೇಡಂ, “ಆಯ್ತು ಕಾಕಾರ, ಕಲಬುರಗಿ ಆಫೀಸಿಗೆ ಕೇಳ್ತೀವಿ” ಅಂದುಬಿಟ್ಟರು.

ಹೊರಗೆ ಬಂದ ಮೇಲೆ ಅವರ ಮೇಲೆ ರೇಗಿದೆ. ಅವರು ಸಮಾಧಾನದಿಂದಲೇ ಹೇಳಿದರು: “ನೀವು ಜಗಳ ಆಡಿ ಬಸ್ ಹತ್ತಿ ಹೋಗ್ತೀರಿ. ಇಲ್ಲಿ ನಾ ಇರಬೇಕಲ್ರೀ. ಆಫೀಸಿಗೆ ಬರದು ಕೇಳ್ರಿ. ನಾವು ಕೇಳಿದ್ದು ಅವರು ಎಂದಾರ ಕೊಟ್ಟಾರೇನ್ರೀ?”

ಕೇಳಿದೆ. ಎಂಜಿನಿಯರು ಕಾರಣವನ್ನೂ ಓದದೆ ಎರಡನೇ ನಳದ ಮೇಲೆ ಕೆಂಪು ಗೆರೆ ಎಳೆದರು. ಒಂದು ಟಾಕಿಗೆ ಒಂದೇ ನಳ.

ಮೊದಲ ಮಳೆಗೆ ಟಾಕಿ ತುಂಬಿತು. ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ನಿಂತರು. ಹಿರಿಯರು ಗೇಟಿನ ಹತ್ತಿರವೇ ನಿಂತು ನೋಡಿದರು. “ಏನ್ ಮಾಡೋದ್ರೀ ಕಾಕಾರ, ಸರ್ಕಾರದ ರೂಲು,” ಅಂದರು ಹೆಡ್‌ಮೇಡಂ. ಆ ಓಣಿಯ ಹುಡುಗಿಯೊಬ್ಬಳು ನಳಕ್ಕೆ ಬೊಗಸೆ ಒಡ್ಡಿದ್ದಳು. ಅವಳ ಹಿಂದೆ ಹಿರಿಯರ ಮೊಮ್ಮಗ ತನ್ನ ಸರದಿ ಕಾಯುತ್ತಿದ್ದ.

ಸರ್ಕಾರದ ಜಿಪುಣತನಕ್ಕೆ ನಾನು ಕೈಮುಗಿದದ್ದು ಅದೊಂದೇ ಸಲ.