ಕಳಚಿಟ್ಟ ಬ್ಯಾಟರಿ

ದರ್ಬೆಯ ನನ್ನ ರಿಪೇರಿ ಅಂಗಡಿಯಲ್ಲಿ ಸತ್ತಿದ್ದ ಎಲೆಕ್ಟ್ರಾನಿಕ್ ಬೋರ್ಡು ಕೊನೆಗೂ ಬೆಳಗಿತು. ಕೆಂಪು ಸೊನ್ನೆಗಳು ಮಾತ್ರ ಸಾಲಾಗಿ ನಿಂತವು. ಕಡಬದಿಂದ ಅದನ್ನು ಟವಲಿನಲ್ಲಿ ಸುತ್ತಿ ತಂದಿದ್ದ ಏಲಿಯಮ್ಮ ಬಗ್ಗಿ ನೋಡಿದರು.

"ಎಂತ ಸರ್, ನನ್ನ ಹೆಸರು ಬರುದಿಲ್ವಾ?"

ಇದು ಎಂಬತ್ತರ ದಶಕದ ಮಾತು. ತೀರಿಹೋದ ಅವರ ಮಗ ಹವ್ಯಾಸಕ್ಕೆ ಜೋಡಿಸಿದ್ದ ಮೈಕ್ರೊಪ್ರೊಸೆಸರ್ ಬೋರ್ಡು ಅದು. ಸ್ವಿಚ್ ಹಾಕಿದರೆ ಅಮ್ಮನ ಹೆಸರು ಮೂಡುವಂತೆ ಬರೆದಿಟ್ಟಿದ್ದನಂತೆ. ಆ ನೆನಪನ್ನು ಉಳಿಸಿಕೊಂಡಿದ್ದದ್ದು ಒಂದು ಪುಟ್ಟ ಬ್ಯಾಟರಿ. ಕೆಲಸಕ್ಕೆ ಮೊದಲು ಬ್ಯಾಟರಿ ಕಳಚುವುದು ನನ್ನ ಕ್ರಮ, ಕಳಚಿದ್ದೆ; ಅದರೊಂದಿಗೆ ಹೆಸರೂ ಅಳಿಸಿಹೋಗಿತ್ತು.

ತಪ್ಪು ಒಪ್ಪಿ, ಹೆಸರನ್ನು ನಾನೇ ಬರೆದುಕೊಡುತ್ತೇನೆ ಎಂದೆ.

"ಬೇಡ ಸರ್. ಅಮ್ಮನ ಹೆಸರು ಹಿಡಿದು ಕರೆಯುದಾ ಅಂತ ಅವನಿಗೆ ಬೈದಿದ್ದೆ. ನಿಮಗೆ ಬೈಲಿಕ್ಕೆ ಆಗ್ತದಾ?"

ಬ್ಯಾಟರಿ ಕಳಚುವ ಮೊದಲು, ಒಳಗೆ ಯಾರಾದರೂ ಏನಾದರೂ ಬರೆದದ್ದುಂಟಾ ಎಂದು ಅಂದಿನಿಂದ ರಿಪೇರಿಗೆ ಬಂದವರನ್ನೆಲ್ಲ ಕೇಳಿದೆ. ಉಂಟು ಎಂದವರು ಯಾರೂ ಬರಲಿಲ್ಲ.