ಜೊಯಿಡಾಕ್ಕೊಂದು ಬೇರೆ ನಿಯಮ

ಎಂಬತ್ತರ ದಶಕದ ಕೊನೆಯಲ್ಲಿ ದಾಂಡೇಲಿಯ ಒಂದು ಕಾಗದದ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹಳಿಯಾಳ, ಮುಂಡಗೋಡ, ಜೊಯಿಡಾಗಳ ಬಿದಿರು ಡಿಪೋಗಳ ಗುಮಾಸ್ತರು ಟೆಲಿಫೋನ್ ತಂತಿಯ ಮೂಲಕ ಅದರೊಳಗೆ ಬಂದು, ಹೊರಟ ಲಾರಿಗಳ ವಿವರ ತುಂಬುತ್ತಿದ್ದರು. ವಿವರ ಬಾರದೆ ಲಾರಿಯನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಲೈನು ಕೆಟ್ಟರೆ ಎಲ್ಲರ ಬೈಗುಳವೂ ನನಗೇ.

ಒಮ್ಮೆ ಯಾರೋ ಹೊರಗಿನವರು ಪಾಸ್‌ವರ್ಡ್ ಊಹಿಸಿ ಒಳಗೆ ಬಂದರೆಂಬ ಗುಮಾನಿ ಎದ್ದಿತು. ಮ್ಯಾನೇಜರು ಹೊಸ ಕಟ್ಟಳೆ ತಂದರು: ಪಾಸ್‌ವರ್ಡ್ ಸರಿಯಿದ್ದರೂ ಯಂತ್ರ ಕರೆಯನ್ನು ಕತ್ತರಿಸಬೇಕು, ಆಮೇಲೆ ಆ ಡಿಪೋದ ನಂಬರಿಗೆ ತಾನೇ ತಿರುಗಿ ಫೋನ್ ಮಾಡಿ ಒಳಗೆ ಬಿಟ್ಟುಕೊಳ್ಳಬೇಕು. ಹಳಿಯಾಳಕ್ಕೂ ಮುಂಡಗೋಡಕ್ಕೂ ಇದು ನಡೆಯಿತು. ಜೊಯಿಡಾಕ್ಕೆ ಮಾತ್ರ ಎಕ್ಸ್‌ಚೇಂಜಿನ ಆಪರೇಟರಿಗೆ ಹೇಳಿಯೇ ಕರೆ ಹಾಕಿಸಬೇಕಿತ್ತು. ಯಂತ್ರಕ್ಕೆ ಬಾಯಿ ಎಲ್ಲಿಂದ ಬರಬೇಕು?

ಜೊಯಿಡಾದ ಗುಮಾಸ್ತೆ ಸಿದ್ದಿ ಸಮುದಾಯದ ಹೆಣ್ಣುಮಗಳು, ಮನೆಯಲ್ಲಿ ಕೈಗೂಸು. ಫೋನಿನ ದಾರಿ ಮುಚ್ಚಿದ ಮೇಲೆ ಅವಳು ಬೆಳಗಿನ ಬಸ್ಸು ಹಿಡಿದು ದಾಂಡೇಲಿಗೇ ಬರತೊಡಗಿದಳು. ನನ್ನ ಪಕ್ಕದಲ್ಲಿ ಕೂತು ವಿವರ ತುಂಬುವಳು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯ ತನಕ ಸ್ಟ್ಯಾಂಡಿನಲ್ಲಿ ಕಾಯುವಳು. ಒಂದು ದಿನ ಕೀಬೋರ್ಡಿನ ಮುಂದೆಯೇ ತೂಕಡಿಸಿ, ಬೆಚ್ಚಿ ಎದ್ದಳು.

"ಸರ್, ಇಷ್ಟ ದಿನಾ ಕೆಲಸಾ ಮಾಡೇನಿ. ಈ ಮಷೀನಿಗೆ ನನ್ನ ಗುರ್ತ ಸಿಗವಲ್ದೇನ್ರಿ?"

ನಾನು ಮ್ಯಾನೇಜರ ಬಳಿ ಹೋದೆ.

"ಒಬ್ಬೊಬ್ಬರಿಗೆ ಒಂದೊಂದ ನಿಯಮಾ ಮಾಡಾಕ ಬರೂದಿಲ್ಲ," ಎಂದರು.

"ಸಾಹೇಬ್ರ, ತಂತೀನ ಒಂದೊಂದೂರಿಗೆ ಒಂದೊಂದ ಥರಾ ಐತಿ. ನಿಯಮಾನೂ ಹಂಗ ಇರಬೇಕಲ್ರಿ," ಎಂದೆ. ದನಿ ಏರಿಸುವ ತ್ರಾಣ ನನ್ನಲ್ಲಿರಲಿಲ್ಲ. ಅದಕ್ಕೇ ಇರಬೇಕು, ಅವರೂ ಜಗಳಕ್ಕೆ ನಿಲ್ಲಲಿಲ್ಲ.

"ಏನರ ಆದ್ರ ನಿಮ್ಮ ತಲೀ ಮ್ಯಾಲ," ಎಂದಷ್ಟೇ ಹೇಳಿದರು.

ಅವಳೊಬ್ಬಳ ಹೆಸರಿಗೆ ಬೇರೆ ನಿಯಮ ಬರೆದೆ. ತಿರುಗಿ ಕರೆ ಇಲ್ಲ. ಬದಲಿಗೆ ಉದ್ದನೆಯ ಪಾಸ್‌ವರ್ಡ್, ವಾರವಾರವೂ ಹೊಸದು. ಮಧ್ಯಾಹ್ನದೊಳಗೆ ಮಾತ್ರ ಪ್ರವೇಶ, ಬಿದಿರಿನ ವಿವರ ಬಿಟ್ಟು ಬೇರೇನೂ ಕಾಣಕೂಡದು. ಫೋನಿನಲ್ಲಿ ಹೇಳಿದರೆ ಆಪರೇಟರ ಕಿವಿಗೆ ಬೀಳುತ್ತದೆಂದು, ಅವಳು ದಾಂಡೇಲಿಯ ವಾರದ ಸಂತೆಗೆ ಬಂದಾಗ ಪಾಸ್‌ವರ್ಡನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಯಿಪಲ್ಲೆಯ ಚೀಲ. ತುಟಿ ಮಾತ್ರ ಆಡುತ್ತಿತ್ತು.

ಹೊಸ ನಿಯಮದ ಮೊದಲ ದಿನ, ವಿವರವೆಲ್ಲ ತುಂಬಿದ ಮೇಲೆ ಅವಳೇ ಫೋನ್ ಮಾಡಿದಳು. "ಒಳಗ ಬಿಡ್ತ್ರಿ ಸರ್! ಇವತ್ತ ಕೂಸಿನ ಕೂಡ ಊಟಾ ಮಾಡ್ತೇನಿ."

ಆ ವಾರವೇ ಹಳಿಯಾಳದ ಗುಮಾಸ್ತ, "ನಮಗೂ ಹಂಗ ಮಾಡಿಕೊಡ್ರಲಾ," ಎಂದು ಕೇಳಿದ. ಮುಂಡಗೋಡದವನೂ ಕೇಳಿದ. ಕೊನೆಗೆ ಮ್ಯಾನೇಜರೇ ಬಂದು ತಮ್ಮ ಮನೆಯ ಫೋನಿಗೊಂದು ನಿಯಮ ಬೇಕೆಂದರು. ನಾನು ಚಹಾ ತರಿಸಿಕೊಂಡು ಮತ್ತೆ ಯಂತ್ರದ ಮುಂದೆ ಕೂತೆ.